ಯು-180: ನೇತಾಜಿಯವರನ್ನು ಕರೆದೊಯ್ದ ಜಲಾಂತರ್ಗಾಮಿ ನಿಜಕ್ಕೂ ಎಂಥದ್ದು?

ದೀವಟಿಗೆ

ಎಲ್ಲರಿಗೂ ನಮಸ್ಕಾರ. ಜನವರಿ 23ಕ್ಕೆ ನಮ್ಮ ಊರಿನ ವಾಚನಾಲಯದವರು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಸುಭಾಷ್‌ಚಂದ್ರ ಬೋಸರು 1943ರಲ್ಲಿ ಜರ್ಮನಿಯಿಂದ ಪೂರ್ವ ಏಷ್ಯಾಕ್ಕೆ ಮಾಡಿದ ಸಮುದ್ರಯಾನದ ಬಗ್ಗೆ ಎರಡು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೋಸರ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ಆದರೆ ಅವರು ಹನ್ನೊಂದು ವಾರ ಕಳೆದ ಯು-180 ಎಂಬ ಜರ್ಮನ್ ಜಲಾಂತರ್ಗಾಮಿಯ ಬಗ್ಗೆ ಕನ್ನಡದಲ್ಲಿ ಒಂದೆರಡು ಸಾಲಿಗಿಂತ ಹೆಚ್ಚು ಸಿಗುತ್ತಿಲ್ಲ.

ಕರಡಿನಲ್ಲಿ ನಾನು ಹೀಗೆ ಬರೆದಿದ್ದೇನೆ: "ನೇತಾಜಿಯವರ ಸುರಕ್ಷತೆಗಾಗಿ ಜರ್ಮನ್ ನೌಕಾಪಡೆಯು ತನ್ನಲ್ಲಿದ್ದ ಅತ್ಯಂತ ವೇಗದ, ಅತ್ಯಾಧುನಿಕ ಜಲಾಂತರ್ಗಾಮಿಯನ್ನು ಆಯ್ಕೆ ಮಾಡಿತು." ಈ ವಾಕ್ಯ ಎಷ್ಟರ ಮಟ್ಟಿಗೆ ಸರಿ? ಈ ನೌಕೆ ಮಾದರಿ 9ಡಿ1 ಎಂಬ ವರ್ಗಕ್ಕೆ ಸೇರಿದ್ದು, ಅಂಥವು ಎರಡೇ ಎರಡು ಕಟ್ಟಲ್ಪಟ್ಟವು ಎಂದು ಓದಿದೆ. ಅಷ್ಟು ಒಳ್ಳೆಯದಾಗಿದ್ದರೆ ಎರಡಕ್ಕೇ ಏಕೆ ನಿಲ್ಲಿಸಿದರು ಎಂಬ ಪ್ರಶ್ನೆಯೂ ಕಾಡುತ್ತಿದೆ. ತಿಳಿದವರು ವಿವರಿಸಬೇಕಾಗಿ ವಿನಂತಿ.

ಕಡತಪ್ರಿಯ

ದೀವಟಿಗೆಯವರೇ, ನಿಮ್ಮ ವಾಕ್ಯದ ಅರ್ಧ ಭಾಗ ಕಾಗದದ ಮೇಲೆ ನಿಜ, ಇನ್ನರ್ಧ ನಮ್ಮವರ ಅಭಿಮಾನದಿಂದ ಬೆಳೆದದ್ದು. ಮೊದಲು ನೌಕೆಯ ಜಾತಕ ಹೇಳಿಬಿಡುತ್ತೇನೆ.

ಯು-180 ಬ್ರೆಮೆನ್ ನಗರದ ಎ.ಜಿ. ವೇಸರ್ ಹಡಗುಕಟ್ಟೆಯಲ್ಲಿ ತಯಾರಾಯಿತು. ನಿರ್ಮಾಣ ಆರಂಭವಾದದ್ದು 1941ರ ಫೆಬ್ರವರಿಯಲ್ಲಿ, ನೀರಿಗಿಳಿದದ್ದು ಅದೇ ವರ್ಷದ ಡಿಸೆಂಬರ್ 10ರಂದು, ಸೇವೆಗೆ ಸೇರಿದ್ದು 1942ರ ಮೇ 16ರಂದು. ಮೊದಲ ಕಮಾಂಡರ್ ವೆರ್ನರ್ ಮ್ಯೂಸೆನ್‌ಬರ್ಗ್. ಉದ್ದ 87.58 ಮೀಟರ್, ನೀರಿನ ಮೇಲೆ ತೇಲುವಾಗ ತೂಕ 1,610 ಟನ್, ಮುಳುಗಿದಾಗ 1,799 ಟನ್. ಮುಂಭಾಗದಲ್ಲಿ ನಾಲ್ಕು, ಹಿಂಭಾಗದಲ್ಲಿ ಎರಡು ಟಾರ್ಪೆಡೊ ಕೊಳವೆಗಳು. ಅಟ್ಲಾಂಟಿಕ್‌ನಲ್ಲಿ ಹೆಚ್ಚಾಗಿ ಓಡಾಡುತ್ತಿದ್ದ ಮಾದರಿ 7ಸಿ ನೌಕೆಗಳು ಸುಮಾರು 67 ಮೀಟರ್ ಉದ್ದದವು. ಅವುಗಳ ಪಕ್ಕದಲ್ಲಿ ಇದು ದೈತ್ಯ. ಮಾದರಿ 9ಸಿ ನೌಕೆಯ 76.76 ಮೀಟರ್ ಒಡಲನ್ನೇ ಹಿಗ್ಗಿಸಿ ಈ 'ಡಿ' ವರ್ಗವನ್ನು ರೂಪಿಸಿದರು. ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಹಿಂದೂ ಮಹಾಸಾಗರದವರೆಗೆ ಹೋಗಿ, ಅಲ್ಲಿ ಬೇಟೆಯಾಡಿ, ಮರಳಿ ಬರುವುದು ಉದ್ದೇಶ.

ಈ ವರ್ಗದಲ್ಲಿ ಎರಡು ಕವಲುಗಳಿದ್ದವು. ಒಡಲು ಒಂದೇ, ಎಂಜಿನ್ ಕೋಣೆ ಮಾತ್ರ ಬೇರೆ. 9ಡಿ2 ಎಂಬುದು ಎಂದಿನ ದೊಡ್ಡ ಡೀಸೆಲ್ ಎಂಜಿನ್‌ಗಳ ಜೊತೆಗೆ ನಿಧಾನ ಪ್ರಯಾಣಕ್ಕಾಗಿ ಎರಡು ಚಿಕ್ಕ ಡೀಸೆಲ್‌ಗಳನ್ನೂ ಇಟ್ಟುಕೊಂಡ ದೂರಗಾಮಿ. 9ಡಿ1 ವೇಗಕ್ಕಾಗಿ ಮಾಡಿದ ಪ್ರಯೋಗ. ಈ ಪ್ರಯೋಗಕ್ಕೆ ಒಳಗಾದವು ಯು-180 ಮತ್ತು ಯು-195 ಮಾತ್ರ. ಕಾಗದದ ಮೇಲೆ ಯು-180ರ ಗರಿಷ್ಠ ವೇಗ ನೀರಿನ ಮೇಲೆ 20.8 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್). ಆ ಕಾಲದ ಜಲಾಂತರ್ಗಾಮಿಗಳಲ್ಲಿ ಅದು ಎದ್ದು ಕಾಣುವ ಅಂಕಿ. ಆದರೆ ಕಡಲಿನಲ್ಲಿ ಆದದ್ದು ಬೇರೆ. ಎಂಜಿನ್ ವಿಷಯವನ್ನು ನನಗಿಂತ 'ಹಳೇ ಡೀಸೆಲ್' ಅವರು ಚೆನ್ನಾಗಿ ಹೇಳಬಲ್ಲರು; ಅವರು ಈ ಚರ್ಚೆಯನ್ನು ನೋಡುತ್ತಾರೆಂದು ಆಶಿಸುತ್ತೇನೆ.

ಹಳೇ ಡೀಸೆಲ್

ನೋಡಿದೆ ಸ್ವಾಮಿ. ಮೂವತ್ತು ವರ್ಷ ಡೀಸೆಲ್ ವಿದ್ಯುದಾಗಾರಗಳಲ್ಲಿ ದುಡಿದ ನನಗೆ ಯುದ್ಧಕ್ಕಿಂತ ಈ ನೌಕೆಯ ಎಂಜಿನ್ ಕೋಣೆಯೇ ಹೆಚ್ಚು ರೋಚಕವಾಗಿ ಕಾಣುತ್ತದೆ. ಸ್ವಲ್ಪ ದೀರ್ಘವಾದೀತು, ಸೈರಿಸಿಕೊಳ್ಳಿ.

ಮೊದಲಿಗೆ ಒಂದು ವಿಷಯ ಮನಸ್ಸಿನಲ್ಲಿರಲಿ. ಆ ಕಾಲದ ಜಲಾಂತರ್ಗಾಮಿ ಎಂದರೆ ಬೇಕಾದಾಗ ಮುಳುಗಬಲ್ಲ ಹಡಗು, ಅಷ್ಟೇ. ಪ್ರಯಾಣದ ಬಹುಪಾಲು ನೀರಿನ ಮೇಲೆಯೇ, ಡೀಸೆಲ್ ಎಂಜಿನ್‌ನ ಬಲದಿಂದ ನಡೆಯುತ್ತಿತ್ತು. ಮುಳುಗಿದ ಮೇಲೆ ಡೀಸೆಲ್‌ಗೆ ಗಾಳಿ ಸಿಗದ ಕಾರಣ ಬ್ಯಾಟರಿಯಿಂದ ವಿದ್ಯುತ್ ಮೋಟಾರು ಓಡಿಸಬೇಕು. ಆಗ ಈ ನೌಕೆಯ ವೇಗ ಏಳು ನಾಟ್ ಸಹ ದಾಟುತ್ತಿರಲಿಲ್ಲ, ಅದೂ ಅಲ್ಪ ಕಾಲ. ಆದ್ದರಿಂದ ಡೀಸೆಲ್ ಎಂಜಿನ್ ಸರಿಯಿಲ್ಲದ ಜಲಾಂತರ್ಗಾಮಿ ಎಂದರೆ ಎತ್ತಿಲ್ಲದ ಗಾಡಿ. ಬ್ಯಾಟರಿಯನ್ನು ಮತ್ತೆ ತುಂಬುವುದೂ ಆ ಡೀಸೆಲ್ ಎಂಜಿನ್‌ನಿಂದಲೇ ತಾನೆ.

ಮಾದರಿ 9ರ ಸಾಮಾನ್ಯ ನೌಕೆಗಳಲ್ಲಿ ಎಂ.ಎ.ಎನ್. ಸಂಸ್ಥೆಯ ಎಂ9ವಿ 40/46 ಎಂಬ ಎಂಜಿನ್‌ಗಳು ಎರಡಿದ್ದವು. ಹೆಸರಿನಲ್ಲಿಯೇ ಅಳತೆಯಿದೆ: ಒಂಬತ್ತು ಸಿಲಿಂಡರ್, ಒಂದೊಂದರ ವ್ಯಾಸ 40 ಸೆಂಟಿಮೀಟರ್, ಪಿಸ್ಟನ್ ಚಲಿಸುವ ದೂರ 46 ಸೆಂಟಿಮೀಟರ್. ಭಾರವಾದ, ನಿಧಾನವಾಗಿ ತಿರುಗುವ, ಆದರೆ ತಿಂಗಳುಗಟ್ಟಲೆ ದೂರು ಇಲ್ಲದೆ ದುಡಿಯುವ ಯಂತ್ರ. ಎರಡೂ ಸೇರಿ 4,400 ಅಶ್ವಶಕ್ತಿ.

ಯು-180ರಲ್ಲಿ ಇವನ್ನು ಬಿಟ್ಟು ಡೈಮ್ಲರ್-ಬೆಂಜ್ ಸಂಸ್ಥೆಯ ಎಂಬಿ501 ಎಂಜಿನ್‌ಗಳನ್ನು ಇಟ್ಟರು. ಎರಡಲ್ಲ, ಆರು: ಒಂದೊಂದು ಪ್ರೊಪೆಲರ್ ದಂಡಕ್ಕೆ ಮೂರು ಮೂರು. ಪ್ರತಿಯೊಂದೂ ಇಪ್ಪತ್ತು ಸಿಲಿಂಡರ್‌ನದು, ಪ್ರತಿಯೊಂದಕ್ಕೂ 1,500 ಅಶ್ವಶಕ್ತಿ, ಒಟ್ಟು 9,000. ಎಂಬಿ501 ಕೆಟ್ಟ ಎಂಜಿನ್ ಆಗಿರಲಿಲ್ಲ. ಇಂಗ್ಲಿಷ್ ಕಾಲುವೆಯಲ್ಲಿ ಬ್ರಿಟಿಷರ ನಿದ್ದೆಗೆಡಿಸಿದ ಜರ್ಮನ್ ಟಾರ್ಪೆಡೊ ಮೋಟಾರು ದೋಣಿಗಳಲ್ಲಿ ಓಡುತ್ತಿದ್ದದ್ದು ಇದೇ. ಆದರೆ ಆ ದೋಣಿಗಳ ಬದುಕೇ ಬೇರೆ. ರಾತ್ರಿ ಹೊರಟು, ಒಂದಷ್ಟು ಹೊತ್ತು ಮೈಮೇಲೆ ದೇವರು ಬಂದಂತೆ ಓಡಿ, ಬೆಳಗಾಗುವುದರೊಳಗೆ ಬಂದರಿಗೆ ಮರಳುತ್ತಿದ್ದವು. ಅಲ್ಲಿ ಮೆಕ್ಯಾನಿಕ್‌ಗಳು, ಬಿಡಿಭಾಗಗಳು ಕಾದಿರುತ್ತಿದ್ದವು. ನಿಮಿಷಕ್ಕೆ 1,600ರ ಆಸುಪಾಸು ಸುತ್ತುವ ಹಗುರ ಯಂತ್ರವನ್ನು ಕತ್ತಲ ಕೊಳವೆಯೊಳಗೆ ಕೂರಿಸಿ, ಉಷ್ಣವಲಯದ ಬೆಚ್ಚನೆಯ ನೀರಿನಲ್ಲಿ, ತಿಂಗಳುಗಟ್ಟಲೆ ಓಡು ಎಂದರೆ ಅದು ಓಡುವುದಾದರೂ ಹೇಗೆ?

ನನ್ನಂಥವನು ಮೊದಲು ಎಣಿಸುವುದು ಸಿಲಿಂಡರ್‌ಗಳನ್ನು. 9ಡಿ2 ನೌಕೆಯ ಎರಡು ದೊಡ್ಡ ಎಂಜಿನ್‌ಗಳಲ್ಲಿ ಇದ್ದದ್ದು 18 ಸಿಲಿಂಡರ್. ಯು-180ರಲ್ಲಿ 120! ಪ್ರತಿ ಸಿಲಿಂಡರ್‌ಗೂ ವಾಲ್ವ್, ಇಂಜೆಕ್ಟರ್, ಪಿಸ್ಟನ್ ರಿಂಗ್, ನೀರಿನ ಸಂದು. ಒಂದು ಶಿಫ್ಟಿನಲ್ಲಿ ಒಂದು ಸಿಲಿಂಡರ್‌ನ ತಲೆ ಬಿಚ್ಚಿ ಕೂರಿಸಿದ ಅನುಭವವಿರುವವರಿಗೆ 120 ಎಂಬ ಸಂಖ್ಯೆ ಕೇಳಿದರೇ ಮೈ ಬೆವರುತ್ತದೆ. ನಡುಗಡಲಿನಲ್ಲಿ, ಅಲುಗಾಡುವ ನೌಕೆಯಲ್ಲಿ, ಆಳು ನುಸುಳಲಾಗದ ಸಂದಿಯಲ್ಲಿ ಆ ಕೆಲಸ ಮಾಡಿದ ಜರ್ಮನ್ ಫಿಟ್ಟರ್‌ಗಳ ಬಗ್ಗೆ ನನಗೆ ಮರುಕವಿದೆ.

ಫಲಿತಾಂಶ ನಿರೀಕ್ಷಿತವೇ. ಎಂಜಿನ್‌ಗಳು ಮಿತಿಮೀರಿ ಕಾಯುತ್ತಿದ್ದವು, ಪದೇ ಪದೇ ಕೆಡುತ್ತಿದ್ದವು, ದಟ್ಟವಾದ ಹೊಗೆ ಉಗುಳುತ್ತಿದ್ದವು. ಅಡಗಿರುವುದೇ ಕಸುಬಾದ ನೌಕೆಯ ಬೆನ್ನ ಹಿಂದೆ ಕಲ್ಲಿದ್ದಲ ಹಡಗಿನಂತೆ ಹೊಗೆಯ ಬಾಲವಿದ್ದರೆ ಏನು ಹೇಳುವುದು!

ತೆಂಕಣಗಾಳಿ

ಹಳೇ ಡೀಸೆಲ್ ಸರ್, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಕಂಬಳದ ಕೋಣವನ್ನು ಗಾಣಕ್ಕೆ ಕಟ್ಟಿದ ಹಾಗಾಯಿತು.

ಹಳೇ ಡೀಸೆಲ್

ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಕಂಬಳದ ಕೋಣ ಅರ್ಧ ನಿಮಿಷದೊಳಗೆ ತೋರಿಸುವ ಬಲವನ್ನು ಯಾರೂ ಬೆಳಗಿನಿಂದ ಸಂಜೆಯವರೆಗೆ ಕೇಳುವುದಿಲ್ಲ.

ಲೆಕ್ಕಿಗ

ಒಂದು ಆಕ್ಷೇಪ. ಅಂತರಜಾಲದ ಕೆಲವು ಪಟ್ಟಿಗಳಲ್ಲಿ 9ಡಿ2 ನೌಕೆಗಳಿಗೂ 9,000 ಅಶ್ವಶಕ್ತಿ ಎಂದೇ ಬರೆದಿದ್ದಾರೆ. ಹಾಗಿದ್ದರೆ ಡಿ1ಕ್ಕೂ ಡಿ2ಕ್ಕೂ ಶಕ್ತಿಯಲ್ಲಿ ವ್ಯತ್ಯಾಸವೇ ಇಲ್ಲವಲ್ಲ? ಆಗ ಈ 'ವೇಗದ ಪ್ರಯೋಗ' ಎಂಬ ವಾದವೇ ಬಿದ್ದುಹೋಗುತ್ತದೆ. ಎರಡನೆಯದಾಗಿ, 9ಡಿ2 ವರ್ಗದ ಗರಿಷ್ಠ ವೇಗ 19.2 ನಾಟ್ ಎಂದಿದೆ. 20.8ಕ್ಕೂ 19.2ಕ್ಕೂ ಇರುವ ಅಂತರ ಒಂದೂವರೆ ನಾಟ್‌ಗಿಂತ ತುಸು ಹೆಚ್ಚು. ಇಷ್ಟಕ್ಕಾಗಿ ಇಷ್ಟೊಂದು ರಂಪವೇ?

ಹಳೇ ಡೀಸೆಲ್

ನಿಮ್ಮ ಮೊದಲ ಆಕ್ಷೇಪಕ್ಕೆ ಉತ್ತರ ಆ ಪಟ್ಟಿಗಳಲ್ಲಿಯೇ ಇದೆ. ಡಿ2 ನೌಕೆಯಲ್ಲಿದ್ದದ್ದು ಅದೇ ಎಂ.ಎ.ಎನ್. ಎಂಜಿನ್ ಎರಡು, ಅಂದರೆ 4,400, ಜೊತೆಗೆ ಎಂ.ಡಬ್ಲ್ಯು.ಎಂ. ಸಂಸ್ಥೆಯ ಚಿಕ್ಕ ಆರು ಸಿಲಿಂಡರ್ ಎಂಜಿನ್ ಎರಡು, ಅವು ಸುಮಾರು ಸಾವಿರ. ಕೂಡಿಸಿದರೆ 5,400ರ ಸುತ್ತ ಬರುತ್ತದೆಯೇ ಹೊರತು 9,000 ಬರುವುದಿಲ್ಲ. ಡಿ1ರ ಅಂಕಿ ಪಕ್ಕದ ಸಾಲಿಗೆ ಜಾರಿ, ಅಲ್ಲಿಂದ ಒಬ್ಬರು ಇನ್ನೊಬ್ಬರಿಂದ ನಕಲು ಮಾಡುತ್ತಾ ಬಂದಂತೆ ಕಾಣುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಯೇ ಇಡೀ ವಿಷಯದ ತಿರುಳು, ಅದನ್ನು ಕೇಳಿದ್ದಕ್ಕೆ ಧನ್ಯವಾದ. ಹಡಗಿನ ವೇಗ ಹೆಚ್ಚಿಸಲು ಬೇಕಾದ ಶಕ್ತಿ ವೇಗದ ಪ್ರಮಾಣದಲ್ಲಿ ಏರುವುದಿಲ್ಲ. ಸ್ಥೂಲವಾಗಿ ಅದರ ಘನದ ಪ್ರಮಾಣದಲ್ಲಿ ಏರುತ್ತದೆ. ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಎಂಟು ಪಟ್ಟು ಬೇಕು. ಈ ಲೆಕ್ಕದಲ್ಲಿ 5,400 ಅಶ್ವಶಕ್ತಿಗೆ 19.2 ನಾಟ್ ಬಂದರೆ, 9,000ಕ್ಕೆ ಸುಮಾರು 22.8 ನಾಟ್ ಬರಬೇಕಿತ್ತು. ಬಂದದ್ದು 20.8. ಅಂದರೆ ಆ ವೇಗದ ಹೊತ್ತಿಗೆ ನೌಕೆ ತಾನೇ ಎಬ್ಬಿಸಿದ ಅಲೆಯ ದಿಣ್ಣೆಯನ್ನು ತಾನೇ ಹತ್ತುತ್ತಿತ್ತು. ಸುರಿದ ಶಕ್ತಿಯ ಬಹುಪಾಲು ಅಲೆ ಎಬ್ಬಿಸುವುದರಲ್ಲಿಯೇ ಮುಗಿಯುತ್ತಿತ್ತು. ಮೂರನೇ ಎರಡರಷ್ಟು ಹೆಚ್ಚು ಶಕ್ತಿ ತುಂಬಿ, ನೂರಕ್ಕೆ ಎಂಟರಷ್ಟು ವೇಗ ಪಡೆದರು. ಅದಕ್ಕಾಗಿ ತೆತ್ತ ಬೆಲೆ, ಡಿ2ರ ಚಿಕ್ಕ ಎಂಜಿನ್‌ಗಳನ್ನೂ ಎಣಿಸಿದರೆ, 90 ಹೆಚ್ಚುವರಿ ಸಿಲಿಂಡರ್.

ಇದಕ್ಕೆ ತದ್ವಿರುದ್ಧವಾಗಿ ಡಿ2 ವಿನ್ಯಾಸಕರು ಕೆಳಗಿನ ತುದಿಯನ್ನು ನೋಡಿದರು. ದೂರದ ಯಾನದಲ್ಲಿ ದಿನಗಟ್ಟಲೆ ಬೇಕಾಗುವುದು ಹತ್ತು ಹನ್ನೆರಡು ನಾಟ್ ಅಷ್ಟೇ. ಅದಕ್ಕೆ ದೊಡ್ಡ ಎಂಜಿನ್‌ನ್ನು ಅರೆಹೊಟ್ಟೆಯಲ್ಲಿ ಓಡಿಸುವುದು ದಂಡ. ಆದ್ದರಿಂದ ಚಿಕ್ಕ ಎಂಜಿನ್ ಎರಡನ್ನು ಪ್ರತ್ಯೇಕವಾಗಿ ಇಟ್ಟರು. 12 ನಾಟ್ ವೇಗದಲ್ಲಿ 23,700 ನಾಟಿಕಲ್ ಮೈಲಿ ಹೋಗಬಲ್ಲ ನೌಕೆ ಹೀಗೆ ಸಿದ್ಧವಾಯಿತು. ಭೂಮಿಯ ಸುತ್ತಳತೆ ಸುಮಾರು 21,600 ನಾಟಿಕಲ್ ಮೈಲಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ದೀವಟಿಗೆ

ನಾನು ಕಣ್ಣರಳಿಸಿ ಓದುತ್ತಿದ್ದೇನೆ. ಹಾಗಾದರೆ ಬೋಸರು ಪ್ರಯಾಣಿಸಿದ್ದು ಎರಡರಲ್ಲಿ ಕಡಿಮೆ ನಂಬಿಕೆಗೆ ಯೋಗ್ಯವಾದ ಕವಲಿನಲ್ಲಿ ಎಂದಾಯಿತು! ಅದನ್ನೇ ಏಕೆ ಕೊಟ್ಟರು?

ಕಡತಪ್ರಿಯ

'ಏಕೆ' ಎಂಬುದಕ್ಕೆ ನನ್ನ ಉತ್ತರ ಸಪ್ಪೆಯಾಗಿ ಕಾಣಬಹುದು: ಆ ಸಮಯಕ್ಕೆ ಅದು ಜರ್ಮನಿಯ ಕೀಲ್ ಬಂದರಿನಲ್ಲಿ ಹೊರಡಲು ಸಿದ್ಧವಾಗಿತ್ತು, ಹೋಗಬೇಕಾದದ್ದೂ ದಕ್ಷಿಣಕ್ಕೇ. ಇದು ನನ್ನ ಅನುಮಾನ, ಆದರೆ ದಿನಾಂಕಗಳು ಅದನ್ನೇ ಹೇಳುತ್ತವೆ. ಡಿ2 ವರ್ಗದ ಮೊದಲ ನೌಕೆಗಳಾದ ಯು-177, ಯು-178, ಯು-179, ಯು-181 ಹಿಂದಿನ ವರ್ಷವೇ ದಕ್ಷಿಣ ಆಫ್ರಿಕಾದ ಕಡೆಗೆ ಹೋಗಿದ್ದವು. ಅವುಗಳಲ್ಲಿ ಯು-179 1942ರ ಅಕ್ಟೋಬರ್ 8ರಂದು ಕೇಪ್‌ಟೌನ್ ಹತ್ತಿರ ಮುಳುಗಿತು. ಯು-181 ಯಾನ ಮುಗಿಸಿ 1943ರ ಜನವರಿಯಲ್ಲಷ್ಟೇ ಫ್ರಾನ್ಸ್‌ನ ಬೋರ್ಡೊಗೆ ಮರಳಿತ್ತು. ಯು-180 ತನ್ನ ಚೊಚ್ಚಲ ಯಾನಕ್ಕೆ ಹೊರಟಿದ್ದ ಹೊಸ ನೌಕೆ.

ಬೋಸರ ಕಡೆಯಿಂದ ನೋಡಿದರೆ ಆಯ್ಕೆಗೆ ಅವಕಾಶವೇ ಇರಲಿಲ್ಲ. 1941ರ ಏಪ್ರಿಲ್‌ನಿಂದ ಬರ್ಲಿನ್‌ನಲ್ಲಿದ್ದ ಅವರು, 1942ರಲ್ಲಿ ಜಪಾನೀಯರು ಸಿಂಗಪುರ, ಬರ್ಮಾಗಳನ್ನು ಹಿಡಿದ ಮೇಲೆ ಪೂರ್ವಕ್ಕೆ ಹೋಗಲು ತವಕಿಸುತ್ತಿದ್ದರು. ಆ ಮೇ ತಿಂಗಳಲ್ಲಿ ನಡೆದ ಭೇಟಿಯಲ್ಲಿ ಹಿಟ್ಲರನೂ ವಿಮಾನಕ್ಕಿಂತ ಜಲಾಂತರ್ಗಾಮಿಯೇ ಮೇಲು ಎಂಬ ಅಭಿಪ್ರಾಯ ಕೊಟ್ಟಿದ್ದ. 1943ರ ಫೆಬ್ರವರಿ 9ರಂದು ಬೋಸ್ ಮತ್ತು ಅವರ ಸಹಾಯಕ, ಹೈದರಾಬಾದಿನ ಆಬಿದ್ ಹಸನ್ ಇಬ್ಬರನ್ನೂ ಹೊತ್ತು ಯು-180 ಕೀಲ್‌ನಿಂದ ಹೊರಟಿತು. ಅದಕ್ಕೆ ಒಂದು ವಾರ ಹಿಂದೆ ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೇನೆ ಶರಣಾಗಿತ್ತು ಎಂಬುದನ್ನು ಲೇಖನದಲ್ಲಿ ಒಂದು ಸಾಲಾದರೂ ಹೇಳಿ. ಹೊರಟ ಗಳಿಗೆ ಎಂಥದ್ದೆಂದು ಓದುಗರಿಗೆ ತಿಳಿಯುತ್ತದೆ.

ಒಳಗಿನ ಬದುಕಿನ ಬಗ್ಗೆ ಹಸನ್ ಅವರು ಮುಂದೆ ನೆನಪಿಸಿಕೊಂಡದ್ದೇ ನಮಗಿರುವ ಒಳ್ಳೆಯ ಆಧಾರ. ಎಲ್ಲೆಲ್ಲೂ ಡೀಸೆಲ್ ವಾಸನೆ; ಬ್ರೆಡ್ಡು ಸಹ ಡೀಸೆಲ್‌ನಲ್ಲಿ ಅದ್ದಿದಂತೆ ಎಂಬ ಭಾವನೆ. ಉಗ್ರಾಣದಲ್ಲಿ ಅಕ್ಕಿ, ಬೇಳೆ ಸಿಕ್ಕಾಗ ಹಸನ್ ಖಿಚಡಿ ಮಾಡಿ ಬಡಿಸಿದರಂತೆ. ಬೋಸರು ಆ ಇಕ್ಕಟ್ಟಿನಲ್ಲಿಯೂ ದಿನವಿಡೀ ಕೆಲಸ ಮಾಡುತ್ತಿದ್ದರು: ತಮ್ಮ ಪುಸ್ತಕದ ಪರಿಷ್ಕರಣೆ, ಜಪಾನೀಯರೊಡನೆ ಆಡಬೇಕಾದ ಮಾತಿನ ತಾಲೀಮು, ಭಾಷಣಗಳ ಕರಡು.

ತೆಂಕಣಗಾಳಿ

ಬೋಸರು ಒಳಗಿದ್ದಾಗಲೇ ಈ ನೌಕೆ ಒಂದು ಹಡಗನ್ನು ಮುಳುಗಿಸಿತು ಎಂದು ಕೇಳಿದ್ದೇನೆ. ನಿಜವೇ?

ಕಡತಪ್ರಿಯ

ನಿಜ. 1943ರ ಏಪ್ರಿಲ್ 18ರಂದು, ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಿಂದ ಆಗ್ನೇಯಕ್ಕೆ ನೂರಾರು ಮೈಲಿ ದೂರದಲ್ಲಿ, ಕೋರ್ಬಿಸ್ ಎಂಬ 8,132 ಟನ್‌ಗಳ ಬ್ರಿಟಿಷ್ ತೈಲ ಹಡಗನ್ನು ಟಾರ್ಪೆಡೊ ಹೊಡೆದು ಮುಳುಗಿಸಿದರು. ಹಡಗಿನಲ್ಲಿದ್ದ ಬಹುಪಾಲು ಜನ ಸತ್ತರು. ಇಂಥ ಪ್ರಯಾಣಿಕನನ್ನು ಒಳಗಿಟ್ಟುಕೊಂಡು, ಜಪಾನಿ ನೌಕೆಯೊಡನೆ ಗೊತ್ತುಮಾಡಿದ ಭೇಟಿಗೆ ಹತ್ತೇ ದಿನ ಉಳಿದಿರುವಾಗ ದಾಳಿಗೆ ಇಳಿದದ್ದು ನನ್ನ ದೃಷ್ಟಿಯಲ್ಲಿ ಅವಿವೇಕ. ಟಾರ್ಪೆಡೊ ಹಾರಿದ ಮೇಲೆ ನೌಕೆ ಇರುವ ಜಾಗ ಶತ್ರುವಿಗೆ ಗೊತ್ತಾಗುತ್ತದೆ. ಕಮಾಂಡರನ ಮನಸ್ಸಿನಲ್ಲಿ ಮಾತ್ರ ಇದು ಬೇಟೆಯ ಯಾನವೂ ಆಗಿತ್ತು.

ಮರಳುವ ದಾರಿಯಲ್ಲಿ, ಜೂನ್ 3ರಂದು, ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬೋರಿಸ್ ಎಂಬ 5,166 ಟನ್‌ಗಳ ಗ್ರೀಕ್ ಹಡಗನ್ನು ಮುಳುಗಿಸಿದರು. ಯು-180ರ ಇಡೀ ಬಾಳಿನ ಬೇಟೆ ಈ ಎರಡೇ. ಒಟ್ಟು 13,298 ಟನ್. ಇದೇ ಹಡಗುಕಟ್ಟೆಯಲ್ಲಿ ಹುಟ್ಟಿ, ಇದಕ್ಕಿಂತ ಒಂದು ವಾರ ಮೊದಲು ಸೇವೆಗೆ ಸೇರಿದ ಯು-181 ಎಂಬ ಡಿ2 ನೌಕೆ ಇಪ್ಪತ್ತಕ್ಕೂ ಹೆಚ್ಚು ಹಡಗುಗಳನ್ನು ಮುಳುಗಿಸಿತು. ಕಮಾಂಡರ್‌ಗಳ ಕೌಶಲ, ಅದೃಷ್ಟ ಎಲ್ಲವೂ ಇಲ್ಲಿ ಸೇರುತ್ತವೆ, ಎಲ್ಲ ಭಾರವನ್ನೂ ಎಂಜಿನ್‌ನ ಮೇಲೆ ಹೊರಿಸಲಾಗದು. ಆದರೂ ಅಂತರ ಕಣ್ಣಿಗೆ ಹೊಡೆಯುವಂತಿದೆ.

ತೆಂಕಣಗಾಳಿ

ಯು-181ರ ಹೆಸರು ಬಂದದ್ದರಿಂದ ವಿಷಯದಿಂದ ಅರ್ಧ ಹೆಜ್ಜೆ ಪಕ್ಕಕ್ಕೆ ಇಡುತ್ತೇನೆ. ಅದೇ ನೌಕೆ ನಮ್ಮ ಕರಾವಳಿಗೂ ಬಂದಿತ್ತು. 1944ರ ಜುಲೈ 15ರಂದು ಟಾಂಡಾ ಎಂಬ, ಸುಮಾರು 7,000 ಟನ್‌ಗಳ ಬ್ರಿಟಿಷ್ ಹಡಗನ್ನು ಅದು ಮುಳುಗಿಸಿದ್ದು ಮಂಗಳೂರಿನ ವಾಯವ್ಯಕ್ಕೆ, ಅರಬ್ಬೀ ಸಮುದ್ರದಲ್ಲಿ. ಆಗಿನ ಕಮಾಂಡರ್ ಕುರ್ಟ್ ಫ್ರೈವಾಲ್ಡ್. ಜುಲೈ ಮಧ್ಯ ಎಂದರೆ ಮಳೆಗಾಲದ ನಡುಮಧ್ಯ. ನಮ್ಮ ಮೀನುಗಾರರ ದೋಣಿಗಳು ದಡಕ್ಕೆ ಎಳೆದು ಮಡಲು ಹೊದಿಸಿ ಮಲಗಿಸಿರುವ ಕಾಲ. ಆ ಸಮುದ್ರವನ್ನು ಬಲ್ಲವರಿಗೆ ಅದರಲ್ಲಿ ಪೆರಿಸ್ಕೋಪ್ ಎತ್ತಿ ಗುರಿ ಹಿಡಿಯುವುದು ಎಂಥ ಕಷ್ಟವೆಂದು ಗೊತ್ತು. ನಾಲ್ಕು ದಿನಗಳ ನಂತರ ಕಿಂಗ್ ಫ್ರೆಡರಿಕ್ ಎಂಬ ಇನ್ನೊಂದು ಹಡಗನ್ನೂ ಅದು ಮುಳುಗಿಸಿ, ಆಗಸ್ಟ್‌ನಲ್ಲಿ, ಆಗ ಜಪಾನೀಯರ ವಶದಲ್ಲಿದ್ದ ಮಲಯದ ಪಿನಾಂಗ್ ಬಂದರನ್ನು ತಲುಪಿತು.

ನಾನು ಕೇಳಬೇಕೆಂದದ್ದು ಇದು: ಯು-180 ಇತ್ತ ಬರಲೇ ಇಲ್ಲವೇ? ಬೋಸರನ್ನು ನೇರವಾಗಿ ಪಿನಾಂಗ್‌ಗೇ ಬಿಡಬಹುದಿತ್ತಲ್ಲ?

ಕಡತಪ್ರಿಯ

ಬರಲಿಲ್ಲ. ಮಡಗಾಸ್ಕರ್‌ನ ಆಗ್ನೇಯಕ್ಕೆ, ನಾನೂರು ನಾಟಿಕಲ್ ಮೈಲಿಗೂ ಹೆಚ್ಚು ದೂರದ ತೆರೆದ ಕಡಲಿನಲ್ಲಿ ಜಪಾನಿನ ಐ-29 ಜಲಾಂತರ್ಗಾಮಿಯನ್ನು ಭೇಟಿಯಾಗಿ ಅಲ್ಲಿಂದಲೇ ತಿರುಗಿತು. ಐ-29 ಪಿನಾಂಗ್‌ನಿಂದ ಹೊರಟು ಬಂದಿತ್ತು. ಅರ್ಧ ದಾರಿ ನೀವು ಬನ್ನಿ, ಅರ್ಧ ದಾರಿ ನಾವು ಬರುತ್ತೇವೆ ಎಂಬ ಏರ್ಪಾಡು. ಇಂಧನದ ದೃಷ್ಟಿಯಿಂದಲೂ, ಇಬ್ಬರೂ ತಮತಮಗೆ ಬೇಕಾದ ಸರಕನ್ನು ಕೊಂಡೊಯ್ಯುವ ದೃಷ್ಟಿಯಿಂದಲೂ ಅದೇ ಅನುಕೂಲ.

ಏಪ್ರಿಲ್ 26ರಂದು ಎರಡೂ ನೌಕೆಗಳು ಒಂದನ್ನೊಂದು ಕಂಡವು, ಆದರೆ ಸಮುದ್ರ ಕೆರಳಿತ್ತು. ಸುಮಾರು 109 ಮೀಟರ್ ಉದ್ದದ ಐ-29 ಪಕ್ಕದಲ್ಲಿ ಯು-180 ಚಿಕ್ಕದಾಗಿ ಕಾಣುತ್ತಿದ್ದಿರಬೇಕು. ಹತ್ತಿರ ಬಂದರೆ ಎರಡು ಉಕ್ಕಿನ ಒಡಲುಗಳು ಡಿಕ್ಕಿಯಾಗುವ ಭಯ. ಆದ್ದರಿಂದ ಅಲೆ ತಗ್ಗುವವರೆಗೆ ಕಾದು, ಏಪ್ರಿಲ್ 28ರಂದು ರಬ್ಬರ್ ತೆಪ್ಪಕ್ಕೆ ಹಗ್ಗ ಕಟ್ಟಿ ಬೋಸ್ ಮತ್ತು ಹಸನ್ ಅವರನ್ನು ದಾಟಿಸಿದರು. ಇಬ್ಬರೂ ತೊಯ್ದು ತೊಪ್ಪೆಯಾಗಿ ಐ-29 ಹತ್ತಿದರು. ಆ ಯುದ್ಧದಲ್ಲಿ ಎರಡು ದೇಶಗಳ ಜಲಾಂತರ್ಗಾಮಿಗಳ ನಡುವೆ ನಾಗರಿಕರು ದಾಟಿದ್ದು ಇದೊಂದೇ ಬಾರಿ ಎಂದು ಹೇಳುತ್ತಾರೆ. ಮೇ ಆರಂಭದಲ್ಲಿ ಸುಮಾತ್ರಾದ ತುದಿಯ ಸಬಾಂಗ್‌ನಲ್ಲಿ ಅವರು ನೆಲ ಮುಟ್ಟಿದರು.

ನಮ್ಮ ಬರಹಗಳು ಇಲ್ಲಿಗೆ ಯು-180ನ್ನು ಕೈಬಿಡುತ್ತವೆ. ಆದರೆ ಆ ದಿನ ದಾಟಿದ್ದು ಇಬ್ಬರು ಭಾರತೀಯರು ಮಾತ್ರ ಅಲ್ಲ. ಜರ್ಮನ್ನರು ಮಾದರಿ 9ಸಿ/40 ಜಲಾಂತರ್ಗಾಮಿಯ ನಕ್ಷೆಗಳನ್ನು, ಆಯುಧಗಳ ಮಾದರಿಗಳನ್ನು, ಟೋಕಿಯೊ ರಾಯಭಾರ ಕಚೇರಿಗೆ ಸೇರಬೇಕಾದ ಕಾಗದಪತ್ರಗಳನ್ನು ಕೊಟ್ಟರು. ಜಪಾನೀಯರು ಟಾರ್ಪೆಡೊಗಳೂ ಸೇರಿ ಹನ್ನೊಂದು ಟನ್ ಸರಕು ಕೊಟ್ಟರು. ಅದರಲ್ಲಿ ಎರಡು ಟನ್ ಚಿನ್ನದ ಗಟ್ಟಿಗಳು! ಜರ್ಮನ್ ತಂತ್ರಜ್ಞಾನಕ್ಕೆ ಕೊಡಬೇಕಾದ ಹಣ ಅದು. ಬೋಸರಿದ್ದ ಇಕ್ಕಟ್ಟಾದ ಜಾಗಕ್ಕೆ ತೆಟ್ಸುಶಿರೊ ಎಮಿ ಮತ್ತು ಹಿಡಿಯೊ ತೊಮೊನಾಗಾ ಎಂಬ ಇಬ್ಬರು ಜಪಾನಿ ನೌಕಾ ಅಧಿಕಾರಿಗಳು ಬಂದರು. ಜಲಾಂತರ್ಗಾಮಿ ತನ್ನ ಆಳವನ್ನು ತಾನೇ ಕಾಯ್ದುಕೊಳ್ಳುವ ಸಾಧನ ರೂಪಿಸಿ ಹೆಸರಾಗಿದ್ದ ವಿನ್ಯಾಸಕಾರ ತೊಮೊನಾಗಾ. 1945ರ ಮೇ ತಿಂಗಳಲ್ಲಿ ಯು-234 ಎಂಬ ಇನ್ನೊಂದು ನೌಕೆಯಲ್ಲಿ ತಾಯ್ನಾಡಿಗೆ ಮರಳುತ್ತಿದ್ದಾಗ ಜರ್ಮನಿ ಶರಣಾಯಿತು. ಸೆರೆಯಾಗಲು ಒಪ್ಪದೆ ಆತ ಮತ್ತು ಜೊತೆಗಾರ ಗೆಂಜೊ ಶೋಜಿ ನಿದ್ರೆಯ ಮಾತ್ರೆ ನುಂಗಿ ಪ್ರಾಣಬಿಟ್ಟರು. ಬೋಸರ ಬದಲಿಗೆ ಯು-180 ಹತ್ತಿದ ಮನುಷ್ಯನ ಕಥೆಯೂ ಕಡಿಮೆಯದಲ್ಲ.

ಲೆಕ್ಕಿಗ

ಹಳೇ ಡೀಸೆಲ್ ಅವರ ಲೆಕ್ಕ ಒಪ್ಪಿದೆ, ನನ್ನ 9,000ದ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಒಂದು ಮಾತು. ಫೆಬ್ರವರಿ 9ರಂದು ಕೀಲ್ ಬಿಟ್ಟ ನೌಕೆ ಜುಲೈ 3ರಂದು ಬೋರ್ಡೊ ತಲುಪಿದೆ. 144 ದಿನ. ಅಷ್ಟು ಕೆಟ್ಟ ಎಂಜಿನ್‌ಗಳಿಂದ 144 ದಿನದ ಯಾನ ಮುಗಿಸಲು ಸಾಧ್ಯವೇ? ವಿನ್ಯಾಸ ಸೋತಿತು ಎನ್ನುವುದು ತುಸು ಅತಿಯಾಗಲಿಲ್ಲವೇ?

ಹಳೇ ಡೀಸೆಲ್

ನ್ಯಾಯವಾದ ಪ್ರಶ್ನೆ. ಆರು ಎಂಜಿನ್‌ಗಳಿರುವುದರ ಒಂದೇ ಒಂದು ಲಾಭವೆಂದರೆ, ಎರಡು ಕೆಟ್ಟರೂ ನಾಲ್ಕು ಉಳಿಯುತ್ತವೆ. ನೌಕೆ ನಿಲ್ಲಲಿಲ್ಲ, ಮನೆಗೆ ಬಂತು. ಅದಕ್ಕಾಗಿ ಎಂಜಿನ್ ಕೋಣೆಯವರಿಗೆ ಕೈಮುಗಿಯಬೇಕು. ಆದರೆ ವಿನ್ಯಾಸದ ಗೆಲುವು ಸೋಲನ್ನು ಅಳೆಯಬೇಕಾದದ್ದು ಅದು ಯಾವುದಕ್ಕಾಗಿ ಹುಟ್ಟಿತೋ ಅದರಿಂದ. ಇದು ಹುಟ್ಟಿದ್ದು ವೇಗಕ್ಕಾಗಿ. ಆ ವೇಗವನ್ನು ಬೇಕೆಂದಾಗ ನೆಚ್ಚುವಂತಿರಲಿಲ್ಲ.

ಜರ್ಮನ್ ನೌಕಾಪಡೆಯ ತೀರ್ಪೂ ಇದೇ ಎಂಬುದಕ್ಕೆ ಸಾಕ್ಷಿ ಅವರು ಮುಂದೆ ಮಾಡಿದ ಕೆಲಸ. ಬೋರ್ಡೊದಲ್ಲಿ ಆರೂ ಎಂಬಿ501 ಎಂಜಿನ್‌ಗಳನ್ನು ಕಿತ್ತು ಹಾಕಿ, ಚಿಕ್ಕದಾದ ಮಾದರಿ 7ಸಿ ನೌಕೆಗಳಲ್ಲಿ ಬಳಸುತ್ತಿದ್ದ ಜರ್ಮಾನಿಯಾವೆರ್ಫ್ಟ್ ಸಂಸ್ಥೆಯ ಎಫ್46 ಎಂಜಿನ್ ಎರಡನ್ನು ಕೂರಿಸಿದರು. ಆರು ಸಿಲಿಂಡರ್‌ನವು, ಎರಡೂ ಸೇರಿ ಸುಮಾರು 2,800 ಅಶ್ವಶಕ್ತಿ. ಶಕ್ತಿ ಮೂರನೇ ಒಂದಕ್ಕಿಂತ ಕಡಿಮೆಯಾಯಿತು, ವೇಗ 15.8 ನಾಟ್‌ಗೆ ಇಳಿಯಿತು. ನನ್ನ ಪ್ರೀತಿಯ ಲೆಕ್ಕವನ್ನು ಮತ್ತೆ ಹೇಳಲೇ? 120 ಸಿಲಿಂಡರ್ ಇದ್ದ ನೌಕೆಯಲ್ಲಿ ಈಗ 12!

ಜೊತೆಗೆ ಟಾರ್ಪೆಡೊ ಕೊಳವೆಗಳನ್ನೂ ತೆಗೆದರು. ಬೇಟೆಗೆ ಹುಟ್ಟಿದ್ದನ್ನು 252 ಟನ್ ಸರಕು ಹೊರುವ ಸಾಗಣೆ ನೌಕೆಯಾಗಿ ಮಾರ್ಪಡಿಸಿದರು. ಯು-195ಕ್ಕೂ ಇದೇ ಗತಿ. ಹೊಸ 9ಡಿ1 ನೌಕೆಗಳು ಮತ್ತೆ ಕಟ್ಟಲ್ಪಡಲಿಲ್ಲ. ದೀವಟಿಗೆಯವರ 'ಎರಡಕ್ಕೇ ಏಕೆ ನಿಲ್ಲಿಸಿದರು' ಎಂಬ ಪ್ರಶ್ನೆಗೆ ಉತ್ತರ ಇಷ್ಟೇ.

ದೀವಟಿಗೆ

ಕೊನೆಯ ಪ್ರಶ್ನೆ. ಯು-180ರ ಅಂತ್ಯ ಹೇಗಾಯಿತು? ಒಂದು ಕಡೆ ಮೈನ್ (ಕಡಲಿನಲ್ಲಿ ಹುದುಗಿಸಿಡುವ ಸಿಡಿಗುಂಡು) ಸ್ಫೋಟದಿಂದ ಎಂದಿದೆ, ಇನ್ನೊಂದು ಕಡೆ 'ನಾಪತ್ತೆ' ಎಂದಷ್ಟೇ ಇದೆ.

ಕಡತಪ್ರಿಯ

1944ರ ಆಗಸ್ಟ್ ತಿಂಗಳನ್ನು ಕಣ್ಣಮುಂದೆ ತಂದುಕೊಳ್ಳಿ. ಜೂನ್‌ನಲ್ಲಿ ನಾರ್ಮಂಡಿಯಲ್ಲಿ ಇಳಿದ ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸನ್ನು ಬಿಡಿಸಿಕೊಳ್ಳುತ್ತಿತ್ತು. ಆಗಸ್ಟ್ 15ರಂದು ದಕ್ಷಿಣದ ತೀರದಲ್ಲೂ ಸೇನೆ ಇಳಿಯಿತು. ಬೋರ್ಡೊದಲ್ಲಿದ್ದ ಜರ್ಮನ್ನರಿಗೆ ಉಳಿದದ್ದು ಕೆಲವೇ ದಿನ. ಹೊರಡಬಲ್ಲ ನೌಕೆಗಳೆಲ್ಲ ಹೊರಟವು. ಯು-180 ಆಗಸ್ಟ್ 20ರಂದು ರೋಲ್ಫ್ ರೀಸೆನ್ ಎಂಬ ಕಮಾಂಡರನ ಕೈಕೆಳಗೆ, ಸರಕು ತುಂಬಿಕೊಂಡು, ಪೂರ್ವ ಏಷ್ಯಾಕ್ಕೆಂದು ಹೊರಟಿತು. ಬೋರ್ಡೊ ಸಮುದ್ರದ ಮೇಲಿರುವ ಊರಲ್ಲ. ಜಿರೋಂಡ್ ಅಳಿವೆಯಲ್ಲಿ ನೂರು ಕಿಲೋಮೀಟರ್‌ನಷ್ಟು ಸಾಗಿದರೆ ಮಾತ್ರ ಕಡಲು. ಆ ಬಾಯಿಯಲ್ಲೆಲ್ಲ ಬ್ರಿಟಿಷ್ ವಿಮಾನಗಳು ಮೈನ್ ಬಿತ್ತಿದ್ದವು.

ಆಗಸ್ಟ್ 23ರ ಸುಮಾರಿಗೆ ಬಿಸ್ಕೆ ಕೊಲ್ಲಿಯಲ್ಲಿ ಅದು ಕಾಣೆಯಾಯಿತು. ಒಳಗಿದ್ದ 56 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಯುದ್ಧ ಮುಗಿದ ಮೇಲೆ ಮಾಡಿದ ಪಟ್ಟಿಗಳಲ್ಲಿ ಮೈನ್ ಎಂದು ಬರೆದರು. ಮುಂದೆ ದಾಖಲೆಗಳನ್ನು ಮರುಪರಿಶೀಲಿಸಿದವರು ಅದಕ್ಕೆ ಗಟ್ಟಿ ಆಧಾರವಿಲ್ಲವೆಂದು 'ಕಾರಣ ಅಜ್ಞಾತ' ಎಂಬ ಸಾಲಿಗೆ ಸೇರಿಸಿದರು. ಸ್ನಾರ್ಕೆಲ್ ದೋಷದಿಂದ ಮುಳುಗಿರಬಹುದು ಎಂಬ ಊಹೆಯೂ ಇದೆ. ನೀವು 'ಕಾಣೆಯಾಯಿತು' ಎಂದಷ್ಟೇ ಬರೆದರೆ ತಪ್ಪಾಗುವುದಿಲ್ಲ.

ತೆಂಕಣಗಾಳಿ

ಸ್ನಾರ್ಕೆಲ್ ದೋಷದಿಂದ ನೌಕೆ ಮುಳುಗುವುದು ಹೇಗೆ? ಅದು ಗಾಳಿ ಎಳೆಯುವ ಕೊಳವೆ ಮಾತ್ರ ಅಲ್ಲವೇ?

ಹಳೇ ಡೀಸೆಲ್

ಕೊಳವೆಯೇ. ಮುಳುಗಿದ್ದಾಗಲೂ ಡೀಸೆಲ್ ಓಡಿಸಲು ನೀರಿನ ಮೇಲಕ್ಕೆ ಚಾಚುವ ಮೂಗು ಅದು. ಆ ವೇಳೆಗೆ ಬಿಸ್ಕೆ ಕೊಲ್ಲಿಯ ಮೇಲೆ ಹಗಲಿರುಳೂ ವಿಮಾನಗಳು ಹಾರಾಡುತ್ತಿದ್ದುದರಿಂದ ನೀರಿನ ಮೇಲೆ ಬರುವುದೇ ಅಪಾಯವಾಗಿ, ಎಲ್ಲ ನೌಕೆಗಳೂ ಈ ಮೂಗಿನಿಂದಲೇ ಉಸಿರಾಡಬೇಕಾಯಿತು. ಅಲೆ ಅಪ್ಪಳಿಸಿದಾಗ ನೀರು ಒಳನುಗ್ಗದಂತೆ ತುದಿಯ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಎಂಜಿನ್ ಮಾತ್ರ ನಿಲ್ಲುವುದಿಲ್ಲ. ಹೊರಗಿನ ಗಾಳಿ ಸಿಗದಿದ್ದರೆ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಎಲ್ಲರ ಕಿವಿ ಹರಿದುಹೋಗುವಂತೆ ಒತ್ತಡ ಕುಸಿಯುತ್ತದೆ. ಹೊಗೆ ಹೊರಹೋಗುವ ದಾರಿ ಕಟ್ಟಿದರೆ ವಿಷಾನಿಲ ಕೋಣೆಯೊಳಗೇ ತುಂಬುತ್ತದೆ. ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ನೀರು ನೇರ ಒಳಕ್ಕೆ. ಪಳಗಿದ ಸಿಬ್ಬಂದಿಗೂ ಕಷ್ಟದ ಕೆಲಸ. ಒಂದು ವರ್ಷದಿಂದ ಯಾನಕ್ಕೇ ಹೋಗದಿದ್ದ ನೌಕೆಯಲ್ಲಿ ಇನ್ನೂ ಕಷ್ಟ. ಯು-180ಕ್ಕೆ ಹೀಗೆಯೇ ಆಯಿತೆಂದು ನಾನು ಹೇಳುತ್ತಿಲ್ಲ. ಆ ಊಹೆ ಏಕೆ ಹುಟ್ಟಿತೆಂದು ಹೇಳಿದೆ.

ಕಡತಪ್ರಿಯ

ಜೋಡಿ ನೌಕೆಯ ವಿಷಯವನ್ನೂ ಸೇರಿಸಿಬಿಡುತ್ತೇನೆ. ಅದೇ ದಿನಗಳಲ್ಲಿ ಬೋರ್ಡೊ ಬಿಟ್ಟ ಯು-195 ಬದುಕಿತು; 1944ರ ಡಿಸೆಂಬರ್ ಕೊನೆಗೆ ಬಟಾವಿಯಾ, ಅಂದರೆ ಇಂದಿನ ಜಕಾರ್ತಾ ತಲುಪಿತು. ಜರ್ಮನಿ ಶರಣಾದ ಮೇಲೆ ಜಪಾನೀಯರು ಅದನ್ನು ವಶಪಡಿಸಿಕೊಂಡು ಐ-506 ಎಂದು ಹೆಸರಿಟ್ಟರು. ಬೋಸರನ್ನು ಸಬಾಂಗ್‌ಗೆ ತಲುಪಿಸಿದ ಐ-29ರ ಅಂತ್ಯ ಯು-180ಕ್ಕಿಂತ ಒಂದು ತಿಂಗಳು ಮೊದಲೇ ಆಗಿತ್ತು: 1944ರ ಜುಲೈ 26ರಂದು ಫಿಲಿಪೀನ್ಸ್‌ನ ಉತ್ತರಕ್ಕೆ ಸಾಫಿಶ್ ಎಂಬ ಅಮೆರಿಕದ ಜಲಾಂತರ್ಗಾಮಿ ಅದನ್ನು ಮುಳುಗಿಸಿತು.

ದೀವಟಿಗೆ

ಎಲ್ಲರಿಗೂ ಕೃತಜ್ಞತೆಗಳು. ಮೊದಲು ಹಾಕಿದ್ದ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಅದರ ಜಾಗದಲ್ಲಿ ಈಗ ಹೀಗಿದೆ: "ನೇತಾಜಿಯವರು ಪ್ರಯಾಣಿಸಿದ ಯು-180, ಅತಿ ವೇಗಕ್ಕಾಗಿ ಮೋಟಾರು ದೋಣಿಗಳ ಆರು ಎಂಜಿನ್‌ಗಳನ್ನು ಅಳವಡಿಸಿದ ಪ್ರಾಯೋಗಿಕ ಜಲಾಂತರ್ಗಾಮಿ. ಅಂಥವು ಎರಡೇ ತಯಾರಾದವು. ಹೊಗೆ ಮತ್ತು ಕಾವಿನಿಂದಾಗಿ ಆ ಎಂಜಿನ್‌ಗಳನ್ನು ಒಂದೇ ಯಾನದ ನಂತರ ತೆಗೆದುಹಾಕಲಾಯಿತು. 1944ರ ಆಗಸ್ಟ್‌ನಲ್ಲಿ ಸಾಗಣೆ ನೌಕೆಯಾಗಿ ಹೊರಟ ಅದು 56 ಜನರೊಂದಿಗೆ ಬಿಸ್ಕೆ ಕೊಲ್ಲಿಯಲ್ಲಿ ಕಾಣೆಯಾಯಿತು." ಇದರಲ್ಲಿ ತಿದ್ದುವುದೇನಾದರೂ ಇದೆಯೇ?

ಹಳೇ ಡೀಸೆಲ್

"ಮೋಟಾರು ದೋಣಿ" ಎಂಬುದರ ಮುಂದೆ "ಟಾರ್ಪೆಡೊ" ಸೇರಿಸಿ. ಇಲ್ಲವಾದರೆ ಓದುವವರು ಲಾಲ್‌ಬಾಗ್ ಕೆರೆಯ ದೋಣಿ ಎಂದುಕೊಂಡಾರು. ಜಾಗವಿದ್ದರೆ 120 ಸಿಲಿಂಡರ್‌ನ ಮಾತನ್ನೂ ಹಾಕಿ.